ಟಿ-90 ಮಾದರಿಗೆ ನಮ್ಮ ಹೊಲದ ಮಣ್ಣು ಹಚ್ಚಿದೆ, ಆಟಿಕೆಯಂತೆ ಕಾಣುತ್ತಿದೆ. ಎಲ್ಲಿ ತಪ್ಪಿದೆ?

ಎರೆಮಣ್ಣು (ಕಲಬುರಗಿ)

ಎಲ್ಲರಿಗೂ ಶರಣು. ದೀಪಾವಳಿಯ ಹೊತ್ತಿಗೆ ಆರಂಭಿಸಿದ ಜ್ವೆಜ್ದಾ ಕಂಪನಿಯ 1/35 ಅಳತೆಯ ಟಿ-90 ಟ್ಯಾಂಕಿನ ಪ್ಲಾಸ್ಟಿಕ್ ಮಾದರಿ ಯುಗಾದಿಗೆ ಮುಗಿಯಿತು. ನಾನು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು. ಮನೆಗೆ ಬಂದ ಮೇಲೆ ದಿನಕ್ಕೆ ಒಂದು ತಾಸು ಸಿಕ್ಕರೆ ಹೆಚ್ಚು, ತೊಗರಿ ಆವಕದ ದಿನಗಳಲ್ಲಿ ಅದೂ ಇಲ್ಲ. ಆದರೂ ಜೋಡಣೆಯಲ್ಲಿ ಒಂದು ಕೀಲು ಸಂದು ಬಿಟ್ಟಿಲ್ಲ. ಹಸಿರು ತಳದ ಮೇಲೆ ಮರಳು ಬಣ್ಣದ ಅಗಲವಾದ ಪಟ್ಟಿಗಳನ್ನು ನಮ್ಮ ಸೇನೆಯ ಟಿ-90 ಆದ ಭೀಷ್ಮ ಟ್ಯಾಂಕಿನಂತೆ ಬಣ್ಣ ಸಿಂಪಡಿಸುವ ಏರ್‌ಬ್ರಷ್‌ನಲ್ಲಿ ಎಳೆದೆ. ಅಲ್ಲಿಯವರೆಗೆ ನೋಡಿದವರೆಲ್ಲ ಮೆಚ್ಚಿದರು.

ಅನಂತರ ಕೆಟ್ಟಿತು. ಸೇಡಂ ರಸ್ತೆಯ ಪಕ್ಕದ ನಮ್ಮ ಹೊಲದ ಎರೆಮಣ್ಣನ್ನು ಒಣಗಿಸಿ, ಸಾಣಿಗೆಯಲ್ಲಿ ಸಾಣಿಸಿ, ನೀರು ಬೆರೆಸಿದ ಫೆವಿಕಾಲ್‌ನಲ್ಲಿ ಕಲಸಿ ಚಕ್ರಗಳಿಗೆ, ಅವುಗಳ ಸುತ್ತ ಓಡುವ ಚೈನಾದ ಟ್ರ್ಯಾಕಿಗೆ, ಒಡಲಿನ ಕೆಳಭಾಗಕ್ಕೆ ಹಚ್ಚಿದೆ. ಅಂಚುಗಳಿಗೆ ಸ್ಪಂಜಿನ ತುಂಡಿನಿಂದ ಬೆಳ್ಳಿ ಬಣ್ಣ ತಟ್ಟಿದೆ, ನಡುನಡುವೆ ತುಕ್ಕಿನ ಬಣ್ಣವನ್ನೂ ಕೊಟ್ಟೆ. ಅಣ್ಣನ ಮಗಳು ನೋಡಿ, "ಕಾಕಾ, ಇದು ಹೊಲದಲ್ಲಿ ಬಿದ್ದು ಸಿಕ್ಕ ಆಟಿಕೆಯೇ?" ಎಂದು ಕೇಳಿದಳು. ಅವಳ ಕಣ್ಣಿಗೆ ಕಂಡದ್ದು ಸರಿ. ನಿಜವಾದ ಮಣ್ಣು, ನಿಜವಾದ ಬಣ್ಣ, ಆದರೆ ಟ್ಯಾಂಕ್ ಚಿಕ್ಕದಾಗಿ ಕಾಣುತ್ತಿದೆ. ಆರು ಚಿತ್ರಗಳನ್ನು ಹಾಕಿದ್ದೇನೆ. ಮುಚ್ಚುಮರೆ ಇಲ್ಲದೆ ಹೇಳಿ.

ಬೀದರ ಬ್ರಷ್ (ಬೀದರ)

ಚಿತ್ರಗಳನ್ನು ಹಿಗ್ಗಿಸಿ ನೋಡಿದೆ. ಬಣ್ಣದ ತಳ ಬಹಳ ಚೆನ್ನಾಗಿದೆ, ಅದನ್ನು ಕೆರೆದು ಹಾಕುವ ಯೋಚನೆ ಮಾಡಬೇಡಿ.

ತೊಂದರೆ ಇರುವುದು ಅಳತೆಯಲ್ಲಿ. 1/35 ಎಂದರೆ ಮಾದರಿಯ ಮೇಲಿನ 1 ಮಿಲಿಮೀಟರ್ ನಿಜವಾದ ಟ್ಯಾಂಕಿನ ಮೇಲೆ 3.5 ಸೆಂಟಿಮೀಟರ್. ಟಿ-90ರ ಒಡಲಿನ ಉದ್ದ 6.86 ಮೀಟರ್, ನಿಮ್ಮ ಮೇಜಿನ ಮೇಲೆ ಅದು 19.6 ಸೆಂಟಿಮೀಟರ್. ನೀವು ತಟ್ಟಿದ ಬೆಳ್ಳಿ ಚುಕ್ಕೆಗಳು ಕೆಲವೆಡೆ 2 ಮಿಲಿಮೀಟರ್ ಅಗಲ ಇವೆ. ಅಂದರೆ ನಿಜವಾದ ಟ್ಯಾಂಕಿನಲ್ಲಿ ಹೆಚ್ಚು ಕಡಿಮೆ ಅಂಗೈಯಷ್ಟು ಬಣ್ಣ ಒಂದೊಂದು ಕಡೆ ಕಿತ್ತುಹೋಗಿ ಉಕ್ಕು ಹೊಳೆಯುತ್ತಿರಬೇಕು, ಅದೂ ಹತ್ತಾರು ಕಡೆ. ಹಾಗೆಯೇ ಮಣ್ಣು. ಸಾಣಿಗೆಯಿಂದ ಇಳಿದ ಕಾಳು ಅರ್ಧ ಮಿಲಿಮೀಟರ್ ಇದ್ದರೂ ಅದು 1.75 ಸೆಂಟಿಮೀಟರ್ ಗಾತ್ರದ ಕಲ್ಲಾಯಿತು. ನೀವು ಮಣ್ಣೆಂದು ಹಚ್ಚಿದ್ದು ಜಲ್ಲಿಯನ್ನು. ಕಣ್ಣಿಗೆ ಈ ಲೆಕ್ಕ ಗೊತ್ತಿರುವುದಿಲ್ಲ, ಆದರೆ ಕಾಳು ದೊಡ್ಡದೆಂದು ಅದು ಕೂಡಲೇ ಗುರುತಿಸುತ್ತದೆ, ಟ್ಯಾಂಕನ್ನು ಚಿಕ್ಕದು ಮಾಡಿಬಿಡುತ್ತದೆ.

ಇನ್ನೊಂದು ಪ್ರಶ್ನೆ. ಟ್ಯಾಂಕಿನ ತಿರುಗುವ ಮೇಲ್ಭಾಗವಾದ ಟರೆಟ್ಟಿನ ಮುಂಭಾಗದಲ್ಲಿ ತೋಪಿನ ಎರಡೂ ಪಕ್ಕಕ್ಕೆ ಕೆಂಪು ಕಣ್ಣಿನಂತಹ ದೀಪಗಳು ಕಾಣುತ್ತಿವೆ. ಅದು ಎದುರಾಳಿಯ ಕ್ಷಿಪಣಿಯ ದಾರಿ ತಪ್ಪಿಸುವ ಶ್ಟೋರಾ ವ್ಯವಸ್ಥೆ, ರಷ್ಯಾದ ಟಿ-90ರಲ್ಲಿ ಇರುವಂಥದ್ದು. ನಮ್ಮ ಟಿ-90ಎಸ್‌ನಲ್ಲಿ ಅದಿಲ್ಲ. ಆ ಜಾಗದಲ್ಲಿಯೂ ಕಾಂಟ್ಯಾಕ್ಟ್-5 ಸ್ಫೋಟಕ ಕವಚದ ಇಟ್ಟಿಗೆಗಳಿರುತ್ತವೆ. ಭೀಷ್ಮ ಎಂದು ಕರೆಯುವುದಾದರೆ ಆ ಕಣ್ಣುಗಳನ್ನು ತೆಗೆಯಬೇಕು.

ಎರೆಮಣ್ಣು (ಕಲಬುರಗಿ)

ಕಣ್ಣುಗಳ ವಿಷಯ ನನಗೆ ಹೊಳೆದೇ ಇರಲಿಲ್ಲ. ಪೆಟ್ಟಿಗೆಯಲ್ಲಿ ಬಂದದ್ದನ್ನು ಅಂಟಿಸಿದೆ. ಪ್ಲಾಸ್ಟಿಕ್ ಹಾಳೆಯಲ್ಲಿ ಇಟ್ಟಿಗೆಗಳನ್ನು ಕತ್ತರಿಸಿ ಮಾಡುತ್ತೇನೆ.

ಜಲ್ಲಿಯ ಮಾತು ಓದಿ ಎದ್ದುಹೋಗಿ ಭೂತಗನ್ನಡಿ ಹಿಡಿದು ನೋಡಿದೆ. ಒಂದು ಚಕ್ರದ ಮೇಲೆ ಜೋಳದ ಸೊಪ್ಪೆಯ ಎಳೆಯೊಂದು ಅಂಟಿಕೊಂಡಿದೆ. ಅಳತೆಗೆ ತಂದರೆ ಅದು ಬಿದಿರಿನ ಗಳುವಿನಷ್ಟಾಗುತ್ತದೆ.

ವಿದ್ಯಾರ್ಥಿ (ಯಾದಗಿರಿ)

ಅಣ್ಣಾ, ಹಾಗಾದರೆ ನಿಜವಾದ ಮಣ್ಣನ್ನು ಬಳಸಲೇಬಾರದೇ? ಮಾದರಿಗೆಂದೇ ಮಾರುವ ಪಿಗ್ಮೆಂಟ್ ಪುಡಿಯ ಒಂದು ಶೀಶೆಯ ಬೆಲೆ ನನ್ನ ವಾರದ ಖರ್ಚಿಗೆ ಸಮ. ನಮ್ಮಲ್ಲಿ ಮಣ್ಣಿಗೆ ಬರವಿಲ್ಲ.

ಬೀದರ ಬ್ರಷ್ (ಬೀದರ)

ಧಾರಾಳವಾಗಿ ಬಳಸಬಹುದು, ಆದರೆ ವಸ್ತ್ರಗಾಲಿತ ಆಗಬೇಕು. ಔಷಧದ ಚೂರ್ಣವನ್ನು ನಮ್ಮ ಅಜ್ಜಿಯರು ಮಲ್ ಬಟ್ಟೆಯಲ್ಲಿ ಹೇಗೆ ಸೋಸುತ್ತಿದ್ದರೋ ಹಾಗೆ. ಮೊದಲು ಹಳೆಯ ಬಾಣಲೆಯಲ್ಲಿ ಮಣ್ಣನ್ನು ಚೆನ್ನಾಗಿ ಹುರಿಯಿರಿ, ಹುಲ್ಲು ಬೇರಿನ ಚೂರು ಸುಟ್ಟುಹೋಗುತ್ತದೆ, ಮುಂದೆ ಬೂಸಲು ಬರುವುದಿಲ್ಲ. ಆರಿದ ಮೇಲೆ ಕಲ್ಲಿನಲ್ಲಿ ಅರೆಯಿರಿ. ಡಬ್ಬಿಯ ಬಾಯಿಗೆ ಕಟ್ಟಿದ ಬಟ್ಟೆಯ ಮೂಲಕ ತಾನಾಗಿ ಇಳಿದ ಪುಡಿಯನ್ನಷ್ಟೇ ಇಟ್ಟುಕೊಳ್ಳಿ, ಉಜ್ಜಿ ಇಳಿಸಬೇಡಿ. ಬೆರಳುಗಳ ನಡುವೆ ಉಜ್ಜಿದರೆ ಮೈದಾ ಹಿಟ್ಟಿನಂತೆ ಇರಬೇಕು. ಈ ಕೆಲಸ ಮಾಡುವಾಗ ಮೂಗಿಗೆ ಮಾಸ್ಕ್ ಕಟ್ಟುವುದನ್ನು ಮರೆಯಬೇಡ ತಮ್ಮಾ.

ನಮ್ಮ ಬೀದರದ ಜಂಬಿಟ್ಟಿಗೆ ಮಣ್ಣು ಹೀಗೆ ಅರೆದರೆ ಇಟ್ಟಿಗೆ ಕೆಂಪಿನ ಒಳ್ಳೆಯ ಪುಡಿಯಾಗುತ್ತದೆ. ಕಲಬುರಗಿಯ ಎರೆಮಣ್ಣಿಗೆ ಬೇರೆ ಸ್ವಭಾವ. ಒಣಗಿದಾಗ ಬೂದು, ಒದ್ದೆಯಾದರೆ ಇದ್ದಿಲು. ಫೆವಿಕಾಲ್‌ನಲ್ಲಿ ಕಲಸಿದರೆ ಒಣಗಿದ ಮೇಲೂ ಒದ್ದೆಯ ಬಣ್ಣವೇ ಉಳಿದುಬಿಡುತ್ತದೆ. ಎರೆಮಣ್ಣು ಅವರ ಟ್ಯಾಂಕಿನ ಕೆಳಭಾಗ ಡಾಂಬರಿನಂತೆ ಕಾಣುತ್ತಿರುವುದು ಅದಕ್ಕೇ. ಪುಡಿಯನ್ನು ಒಣಗಿದ ಬ್ರಷ್‌ನಿಂದ ಉದುರಿಸಿ, ಅದರ ಅಂಚಿಗೆ ಟರ್ಪೆಂಟೈನ್ ಹನಿ ಮುಟ್ಟಿಸಿ. ಅದು ತಾನೇ ಹರಿದುಹೋಗಿ ಪುಡಿಯನ್ನು ಕೂರಿಸುತ್ತದೆ. ಆರಿದ ಮೇಲೆ ಬಣ್ಣ ಹೆಚ್ಚು ಕಡಿಮೆ ಮೊದಲಿನಂತೆಯೇ ತಿಳಿಯಾಗುತ್ತದೆ.

ಸುರಪುರದವ (ಸುರಪುರ, ಯಾದಗಿರಿ ಜಿಲ್ಲೆ)

ಸೇನೆಯ ವರ್ಕ್‌ಶಾಪಿನಲ್ಲಿ ಟ್ಯಾಂಕ್ ದುರಸ್ತಿ ಮಾಡಿ ನಿವೃತ್ತನಾದವನು ನಾನು. ಮಗ ಈ ಚರ್ಚೆಯನ್ನು ತೋರಿಸಿದ. ಮಾದರಿಗಳ ವಿಷಯ ನನಗೆ ಹೊಸದು, ಟ್ಯಾಂಕಿನ ಮೈ ಮಾತ್ರ ಚೆನ್ನಾಗಿ ಗೊತ್ತು.

ಒಡಲಿನ ಮೇಲೆಲ್ಲ ತುಕ್ಕು ಹಚ್ಚಿದ್ದು ನೋಡಿ ಮನಸ್ಸಿಗೆ ನೋವಾಯಿತು. ಸೇವೆಯಲ್ಲಿರುವ ಟ್ಯಾಂಕಿಗೆ ಹಾಗೆ ತುಕ್ಕು ಹಿಡಿಯಲು ಬಿಟ್ಟರೆ ಅದರ ಸಿಬ್ಬಂದಿ ಉತ್ತರ ಹೇಳಬೇಕಾಗುತ್ತದೆ. ಅಭ್ಯಾಸ ಮುಗಿಸಿ ಬಂದ ಗಾಡಿಯನ್ನು ತೊಳೆಯುತ್ತೇವೆ, ಗ್ರೀಸ್ ಹಾಕುತ್ತೇವೆ, ಬಣ್ಣ ಹೋದ ಕಡೆ ಬ್ರಷ್ ಹಿಡಿದು ತೇಪೆ ಹಚ್ಚುತ್ತೇವೆ. ಆ ತೇಪೆಯ ಹಸಿರು ಸುತ್ತಲಿನ ಬಿಸಿಲಿಗೆ ಬಾಡಿದ ಹಸಿರಿಗಿಂತ ಗಾಢವಾಗಿರುತ್ತದೆ. ಹಚ್ಚುವುದಾದರೆ ಅದನ್ನು ಹಚ್ಚಿ.

ಸವೆತ ಎಲ್ಲಿ ಎಂದು ಕೇಳಿದರೆ, ಮನುಷ್ಯ ಎಲ್ಲಿ ಕಾಲಿಡುತ್ತಾನೆ, ಎಲ್ಲಿ ಕೈ ಹಿಡಿಯುತ್ತಾನೆ ಎಂದು ಮೊದಲು ಯೋಚಿಸಿ. ಟಿ-90ರಲ್ಲಿ ಮೂವರು ಸಿಬ್ಬಂದಿ: ಮುಂದೆ ಚಾಲಕ, ಟರೆಟ್ಟಿನಲ್ಲಿ ಕಮಾಂಡರ್ ಮತ್ತು ಗನ್ನರ್. ಗುಂಡು ತುಂಬುವುದು ಯಂತ್ರ. ಮೂವರು ಹತ್ತಿ ಇಳಿಯುವ ದಾರಿ ಮೂರು ಮುಚ್ಚಳಗಳ ಸುತ್ತ ಇರುತ್ತದೆ. ಅಲ್ಲಿ ಬೂಟಿನ ಮಣ್ಣು, ಅಲ್ಲಿಯೇ ಬಣ್ಣದ ಸವೆತ. ಯಾರೂ ಕಾಲಿಡದ ಟರೆಟ್ಟಿನ ಹೊರ ಓರೆಯಲ್ಲಿ ಬಣ್ಣ ಏಕೆ ಕಿತ್ತುಹೋಗುತ್ತದೆ? ಡೀಸೆಲ್ ತುಂಬುವ ಬಾಯಿಯ ಸುತ್ತ ಎಣ್ಣೆ ಚೆಲ್ಲಿ, ಅದರ ಮೇಲೆ ಧೂಳು ಕೂತು ಕಪ್ಪು ಹೊಳಪಿನ ಕಲೆ ಇರುತ್ತದೆ. ಹೊಗೆ ಬರುವ ಬಾಯಿ ಎಡಗಡೆ ಹಿಂಭಾಗದಲ್ಲಿದೆ. ಮಸಿ ಎಡಗಡೆ ಮಾತ್ರ. ನಿಮ್ಮ ಚಿತ್ರದಲ್ಲಿ ಎರಡೂ ಬದಿಗೆ ಮಸಿ ಇದೆ.

ಎರೆಮಣ್ಣು (ಕಲಬುರಗಿ)

ಕಾಕಾ ಅವರೇ, ನಿಮ್ಮ ಒಂದೊಂದು ಸಾಲನ್ನೂ ನೋಟ್ ಪುಸ್ತಕದಲ್ಲಿ ಬರೆದುಕೊಂಡಿದ್ದೇನೆ. ತೇಪೆಯ ಬಣ್ಣದ ವಿಷಯ ನಾನು ಎಲ್ಲೂ ಓದಿರಲಿಲ್ಲ.

ಭೀಮಾತೀರ (ಅಫಜಲಪುರ)

ಒಂದು ಮೂಲಭೂತ ಆಕ್ಷೇಪವಿದೆ. ಟಿ-90 ಟ್ಯಾಂಕುಗಳು ಓಡಾಡುವುದು ರಾಜಸ್ಥಾನದ ಮರಳಿನಲ್ಲಿ, ಪಂಜಾಬಿನ ಹೊಲಗಳಲ್ಲಿ, ಲಡಾಖಿನಲ್ಲಿ. ಕಲಬುರಗಿಯ ಎರೆಮಣ್ಣು ಅದರ ಚಕ್ರಕ್ಕೆ ಹತ್ತಿದ್ದು ಯಾವಾಗ? ಮಣ್ಣು ಎಷ್ಟೇ ನುಣ್ಣಗಿರಲಿ, ಊರು ತಪ್ಪಿದರೆ ಇಡೀ ಮಾದರಿ ಸುಳ್ಳಾಗುತ್ತದೆ. ಮರಳುನಾಡಿನ ಗಾಡಿಗೆ ತಿಳಿ ಹಳದಿ ಧೂಳು ಬೇಕು, ಅದೂ ಎಲ್ಲಕ್ಕಿಂತ ಹೆಚ್ಚಾಗಿ ಹಿಂಭಾಗಕ್ಕೆ ಮತ್ತು ಪಕ್ಕದ ರಬ್ಬರ್ ಪರದೆಗಳ ಕೆಳಗೆ. ನಮ್ಮ ಮಣ್ಣಿನ ಮೇಲಿನ ಪ್ರೀತಿ ನನಗೂ ಇದೆ, ಆದರೆ ಇಲ್ಲಿ ಅದಕ್ಕೆ ಜಾಗವಿಲ್ಲ.

ಎರೆಮಣ್ಣು (ಕಲಬುರಗಿ)

ಒಪ್ಪುವುದು ಕಷ್ಟ, ಆದರೆ ಮಾತು ನಿಜ. ಹೊಲದ ಮಣ್ಣು ಹಾಕಬೇಕೆಂಬುದು ನನ್ನ ಆಸೆಯಾಗಿತ್ತು, ಟ್ಯಾಂಕಿನದಲ್ಲ.

ಶಹಾಬಾದ್ ಕಲ್ಲು (ಶಹಾಬಾದ್)

ಭೀಮಾತೀರ ಅವರು ಬಣ್ಣದ ಬಗ್ಗೆ ಹೇಳಿದ್ದು ಸರಿ. ಆದರೆ ಧೂಳು ಹೇಗೆ ಕೂರುತ್ತದೆ ಎನ್ನುವುದನ್ನು ಕಲಿಯಲು ರಾಜಸ್ಥಾನಕ್ಕೆ ಹೋಗಬೇಕಾಗಿಲ್ಲ. ನಮ್ಮ ಮನೆಯವರು ಫರಸಿ ಕಲ್ಲಿನ ಗಣಿಯಲ್ಲಿ ಮೂರು ತಲೆಮಾರಿನಿಂದ ಇದ್ದಾರೆ. ಅಲ್ಲಿ ದಿನವಿಡೀ ಓಡುವ ಚೈನ್ ಗಾಡಿಯನ್ನು, ನಾವು ಹಿಟಾಚಿ ಎನ್ನುವ ಯಂತ್ರವನ್ನು, ಒಂದು ಗಂಟೆ ಸುಮ್ಮನೆ ನಿಂತು ನೋಡಿ. ನನ್ನ ಎಲ್ಲ ಮಾದರಿಗಳ ಪಾಠ ಅಲ್ಲಿಂದಲೇ ಬಂದದ್ದು.

ಸುಣ್ಣದ ಕಲ್ಲಿನ ಧೂಳು ಸಮತಟ್ಟಾದ ಮೇಲ್ಮೈಯಲ್ಲಿ ತೆಳುವಾದ ಹಾಳೆಯಂತೆ ಕೂರುತ್ತದೆ, ಗಾಳಿ ಮುಟ್ಟದ ಮೂಲೆಯಲ್ಲಿ ಗುಪ್ಪೆಯಾಗುತ್ತದೆ, ನೆಟ್ಟಗಿನ ಗೋಡೆಯಲ್ಲಿ ಮೇಲಿನಿಂದ ಕೆಳಕ್ಕೆ ಹೆಚ್ಚುತ್ತಾ ಹೋಗುತ್ತದೆ. ಗ್ರೀಸ್ ಇರುವ ಕಡೆ ಧೂಳು ಬೆಳ್ಳಗಿರುವುದಿಲ್ಲ, ಎಣ್ಣೆ ಕುಡಿದು ಕಪ್ಪಾಗಿರುತ್ತದೆ. ಮಿರಗದ ಮೊದಲ ಮಳೆ ಬಿದ್ದು ಹತ್ತು ನಿಮಿಷದಲ್ಲಿ ನಿಂತರೆ ಧೂಳು ತೊಳೆದುಹೋಗದೆ ಗೆರೆಗೆರೆಯಾಗಿ ಇಳಿದು ನಿಲ್ಲುತ್ತದೆ. ಆ ಗೆರೆಗಳು ಬೋಲ್ಟಿನ ತಲೆಯಿಂದ, ಬೆಸುಗೆಯ ಅಂಚಿನಿಂದ ಹೊರಡುತ್ತವೆ. ಮಾದರಿಯಲ್ಲಿ ನಾನು ಚಿತ್ರಕಲೆಯ ಎಣ್ಣೆ ಬಣ್ಣದ ಒಂದು ಚುಕ್ಕೆ ಇಟ್ಟು, ಟರ್ಪೆಂಟೈನ್ ತಾಗಿಸಿದ ಚಪ್ಪಟೆ ಬ್ರಷ್‌ನಿಂದ ಕೆಳಕ್ಕೆ ಎಳೆಯುತ್ತೇನೆ. ಎಣ್ಣೆ ಬಣ್ಣವನ್ನು ಮೊದಲು ರಟ್ಟಿನ ಮೇಲೆ ಅರ್ಧ ಗಂಟೆ ಇಡುವುದು ಮುಖ್ಯ. ರಟ್ಟು ಅಗಸೆ ಎಣ್ಣೆಯನ್ನು ಹೀರಿಕೊಂಡರೆ ಬಣ್ಣ ಹೊಳಪಿಲ್ಲದೆ ಆರುತ್ತದೆ.

ಚೈನಿನ ಒಳಬದಿ, ಉರುಳೆ ಹಾಯುವ ದಾರಿ, ಕನ್ನಡಿಯಂತೆ ಹೊಳೆಯುತ್ತದೆ. ಟ್ಯಾಂಕಿಗೂ ಅಲ್ಲಿ ಸೀಸದ ಕಡ್ಡಿ ಉಜ್ಜಿದರೆ ಸಾಕು, ಬೆಳ್ಳಿ ಬಣ್ಣ ಬೇಡ.

ಸುರಪುರದವ (ಸುರಪುರ, ಯಾದಗಿರಿ ಜಿಲ್ಲೆ)

ಶಹಾಬಾದಿನವರೇ, ಧೂಳಿನ ಮಾತೆಲ್ಲ ಒಪ್ಪಿದೆ, ಕೊನೆಯದು ಮಾತ್ರ ತಿದ್ದಬೇಕು. ಹಿಟಾಚಿಯ ಉರುಳೆ ಬರೀ ಉಕ್ಕು. ಟಿ-72 ಮತ್ತು ಟಿ-90ರ ಆರು ಜೋಡಿ ಚಕ್ರಗಳಿಗೆ ರಬ್ಬರ್ ಪಟ್ಟಿ ಇದೆ. ರಬ್ಬರ್ ಉಕ್ಕನ್ನು ಕನ್ನಡಿಯಂತೆ ಬೆಳಗುವುದಿಲ್ಲ, ಧೂಳು ಒರೆಸಿ ಮಂಕಾದ ಬೂದು ಬಣ್ಣಕ್ಕೆ ತರುತ್ತದೆ. ಹೊಳೆಯುವುದು ನೆಲಕ್ಕೆ ತಾಗುವ ಹೊರ ಅಂಚು, ಚಕ್ರಗಳ ನಡುವೆ ನಡೆಯುವ ಕೊಂಬು, ಹಿಂದಿನ ಹಲ್ಲುಚಕ್ರದ ಹಲ್ಲು. ಇಷ್ಟೇ.

ಶಹಾಬಾದ್ ಕಲ್ಲು (ಶಹಾಬಾದ್)

ಸರಿ ಕಾಕಾ. ಹತ್ತು ವರ್ಷಗಳಿಂದ ಎಲ್ಲ ಟ್ಯಾಂಕುಗಳಿಗೂ ಒಳಬದಿಯನ್ನು ಹೊಳೆಯಿಸುತ್ತಾ ಬಂದಿದ್ದೇನೆ. ಕಪಾಟಿನಲ್ಲಿರುವ ನಾಲ್ಕನ್ನು ಈ ವಾರವೇ ತಿದ್ದುತ್ತೇನೆ.

ಬಿದ್ರಿಮನೆ (ಬೀದರ)

ನಾನು ಮಾದರಿ ಮಾಡುವವಳಲ್ಲ, ನನ್ನ ಮೈದುನನ ಹವ್ಯಾಸ ಅದು. ನಮ್ಮ ಮಾವನವರು ಬಿದ್ರಿ ಕೆಲಸದವರು. ನೀವು ಮಾತನಾಡುತ್ತಿರುವುದನ್ನು ಓದಿ ಅವರಿಗೆ ಹೇಳಿದೆ, ಅವರು ಹೇಳಿದ್ದನ್ನು ಬರೆಯುತ್ತಿದ್ದೇನೆ.

ಬಿದ್ರಿಯ ಪಾತ್ರೆ ಸತುವಿನದು, ಸ್ವಲ್ಪ ತಾಮ್ರ ಸೇರಿರುತ್ತದೆ. ಎರಕ ಹೊಯ್ದು ಅರದಿಂದ ನಯ ಮಾಡಿದ ಮೇಲೆ ಬೆಳ್ಳಗೆ ಇರುತ್ತದೆ. ಚಿತ್ತಾರ ಕೊರೆಯುವ ಮೊದಲು ಮೈಲುತುತ್ತದ ನೀರು ಸವರಿ ಅದನ್ನು ಕಪ್ಪು ಮಾಡುತ್ತಾರೆ. ಆ ಕಪ್ಪು ಉಳಿಯುವುದಿಲ್ಲ, ಉಳಿಯಬೇಕಾಗಿಯೂ ಇಲ್ಲ. ಉಳಿ ಎಳೆದ ಗೆರೆ ಕಣ್ಣಿಗೆ ಕಾಣಲಿ ಎಂಬುದಷ್ಟೇ ಅದರ ಕೆಲಸ. ಬೆಳ್ಳಿ ತಂತಿ ಕೂರಿಸಿ, ಮತ್ತೆ ನಯ ಮಾಡಿ, ಕೊನೆಯಲ್ಲಿ ಕೋಟೆಯ ಮಣ್ಣನ್ನು ನವಸಾಗರದೊಂದಿಗೆ ಕಲಸಿ ಬಿಸಿ ಪಾತ್ರೆಗೆ ಹಚ್ಚಿದಾಗ ಸತುವು ಕಾಯಂ ಕಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಉಳಿಯುತ್ತದೆ. ಆಮೇಲೆ ಎಣ್ಣೆ ಹಚ್ಚಿ ಉಜ್ಜಿದರೆ ಕಪ್ಪಿಗೆ ಆಳ ಬರುತ್ತದೆ.

ಮಾವನವರು ನಿಮ್ಮ ಚಿತ್ರ ನೋಡಿ ಹೇಳಿದ ಮಾತು: "ಇವರು ಕಪ್ಪು ಮಾಡುವ ಮೊದಲೇ ಬೆಳ್ಳಿ ಕೂರಿಸಲು ಹೋಗಿದ್ದಾರೆ. ಗೆರೆ ಕಾಣದೆ ಕೊರೆದ ಹಾಗಾಗಿದೆ." ನನಗೆ ಅರ್ಥವಾದದ್ದು ಇಷ್ಟು: ಮೊದಲು ತಗ್ಗುಗಳು ಕಾಣಬೇಕು, ಉಬ್ಬು ಕೊನೆಗೆ.

ಬೀದರ ಬ್ರಷ್ (ಬೀದರ)

ವೈನಿ, ನಿಮ್ಮ ಮಾವನವರಿಗೆ ನನ್ನ ನಮಸ್ಕಾರ ತಿಳಿಸಿ. ಒಂದೇ ಊರಿನಲ್ಲಿದ್ದೂ ಈ ನಂಟು ನನಗೆ ಹೊಳೆದಿರಲಿಲ್ಲ. ಬಿಳಿ ಲೋಹದ ಬಿಡಿ ಕೊಂಡಿಗಳ ಟ್ರ್ಯಾಕ್ ಮಾರಾಟಕ್ಕೆ ಸಿಗುತ್ತದೆ. ಅದನ್ನೂ ರಾಸಾಯನಿಕ ದ್ರಾವಣದಲ್ಲಿ ಮುಳುಗಿಸಿ ಕಪ್ಪು ಮಾಡಿ, ಉಬ್ಬಿದ ಅಂಚನ್ನು ಮಾತ್ರ ಉಜ್ಜಿ ಹೊಳಪಿಸುತ್ತಾರೆ. ಬಣ್ಣ ಹಚ್ಚಿ ಬರಿಸುವ ಯಾವ ಹೊಳಪೂ ಅದರ ಹತ್ತಿರ ಬರುವುದಿಲ್ಲ. ಆದರೆ ಆ ಲೋಹ ಬೇರೆ, ಅದಕ್ಕೆ ಅದರದೇ ದ್ರಾವಣ ಬೇಕು. ಕೋಟೆಯ ಮಣ್ಣು ಸತುವಿನ ಮೇಲೆ ಕೆಲಸ ಮಾಡುವಂಥದ್ದು.

ಎರೆಮಣ್ಣು ಅವರೇ, ಕ್ರಮವನ್ನು ಹೀಗೆ ಇಟ್ಟುಕೊಳ್ಳಿ. ತಳದ ಬಣ್ಣ ಆರಿದ ಮೇಲೆ ಹೊಳಪಿನ ವಾರ್ನಿಷ್ ಒಂದು ಪದರ, ಅದರ ಮೇಲೆ ಅಂಕಿ, ಗುರುತುಗಳ ಅಂಟುಚಿತ್ರವಾದ ಡೆಕಾಲ್. ನಮ್ಮ ಸೇನೆಯ ವಾಹನ ಸಂಖ್ಯೆಗಳ ಮೊದಲಲ್ಲಿ ಮೇಲ್ಮುಖ ಬಾಣದ ಗುರುತಿರುತ್ತದೆ, ಅದನ್ನು ಬಿಡಬೇಡಿ. ಹೊಳಪು ಇಲ್ಲದ ಒರಟು ಮೈಮೇಲೆ ಡೆಕಾಲ್ ಕೂರಿಸಿದರೆ ಅಡಿಯಲ್ಲಿ ಗಾಳಿ ಸಿಕ್ಕಿ ಬಿಳಿ ಪೊರೆ ಕಾಣುತ್ತದೆ. ಆಮೇಲೆ ಗಾಢ ಕಂದು ಎಣ್ಣೆ ಬಣ್ಣವನ್ನು ಟರ್ಪೆಂಟೈನ್‌ನಲ್ಲಿ ಚಹಾದಷ್ಟು ತೆಳುವಾಗಿಸಿ ಸಂದುಗಳಿಗೆ ಮಾತ್ರ ಮುಟ್ಟಿಸಿ. ಇಡೀ ಮೈಗೆ ಸುರಿಯಬೇಡಿ, ಟರ್ಪೆಂಟೈನ್ ನಿಂತ ಕಡೆ ಬಿಗಿಯಾಗಿ ಕೂರಿಸಿದ ಪ್ಲಾಸ್ಟಿಕ್ ಸೀಳಬಹುದು. ಅದಾದ ಮೇಲೆ ಹೊಳಪಿಲ್ಲದ ಮ್ಯಾಟ್ ವಾರ್ನಿಷ್, ಸವೆತ, ಕೊನೆಯಲ್ಲಿ ಧೂಳು. ಚಕ್ರದ ರಬ್ಬರಿಗೆ ಅಚ್ಚ ಕಪ್ಪು ಬೇಡ. ಟಮಿಯಾ ಕಂಪನಿಯ ಎಕ್ಸ್‌ಎಫ್-85 ರಬ್ಬರ್ ಬ್ಲ್ಯಾಕ್ ಸಾಕಷ್ಟು ಬೂದು ಬಣ್ಣಕ್ಕಿದೆ.

ವಿದ್ಯಾರ್ಥಿ (ಯಾದಗಿರಿ)

ನನ್ನ ತೊಂದರೆ ಬೇರೆ. ಏಪ್ರಿಲ್‌ನಿಂದ ಏರ್‌ಬ್ರಷ್ ಹೊಡೆದರೆ ಬಣ್ಣ ಉಪ್ಪಿನ ಕಾಗದದಂತೆ ಒರಟಾಗಿ ಕೂರುತ್ತದೆ, ಸೂಜಿಯ ತುದಿಯಲ್ಲಿ ಎರಡು ನಿಮಿಷಕ್ಕೊಮ್ಮೆ ಗಟ್ಟಿಯಾಗುತ್ತದೆ. 0.3 ಮಿಲಿಮೀಟರ್ ನಾಜಲ್, ಟಮಿಯಾ ಅಕ್ರಿಲಿಕ್.

ಬೀದರ ಬ್ರಷ್ (ಬೀದರ)

ಬಿಸಿಲು 42 ಡಿಗ್ರಿ ಇರುವಾಗ ಹನಿ ಮಾದರಿಯನ್ನು ಮುಟ್ಟುವ ಮೊದಲೇ ಗಾಳಿಯಲ್ಲಿ ಆರುತ್ತದೆ, ಪುಡಿಯಾಗಿ ಬೀಳುತ್ತದೆ. ಬೆಳಿಗ್ಗೆ ಏಳರ ಒಳಗೆ ಹೊಡೆ. ಬಣ್ಣವನ್ನು ಇನ್ನೂ ತೆಳುವಾಗಿಸು, ಆರುವುದನ್ನು ತಡ ಮಾಡುವ ರಿಟಾರ್ಡರ್ ಕೆಲವು ಹನಿ ಹಾಕು, ಒತ್ತಡವನ್ನು 15 ಪಿಎಸ್‌ಐ ಹತ್ತಿರಕ್ಕೆ ಇಳಿಸಿ ಮಾದರಿಯ ಸಮೀಪ ಹಿಡಿ. ಟಮಿಯಾ ಅಕ್ರಿಲಿಕ್‌ಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹೊಂದುತ್ತದೆ. ವಾಲೆಹೊ ಬಣ್ಣಕ್ಕೆ ಅದನ್ನು ಹಾಕಿದರೆ ಮೊಸರಿನಂತೆ ಒಡೆಯುತ್ತದೆ, ಅದಕ್ಕೆ ನೀರು ಅಥವಾ ಅದರದೇ ಥಿನ್ನರ್. ಮಳೆಗಾಲದಲ್ಲಿ ಸಮಸ್ಯೆ ತಿರುಗುತ್ತದೆ: ತೇವ ಹೆಚ್ಚಿದ ದಿನ ಲ್ಯಾಕರ್ ಬಣ್ಣ ಹೊಡೆದರೆ ಮೇಲೆ ಬೆಳ್ಳಗೆ ಮಂಜು ಕವಿಯುತ್ತದೆ.

ಅಡುಗೆಮನೆಯಲ್ಲಿ ಮಾತ್ರ ಹೊಡೆಯಬೇಡ. ಥಿನ್ನರ್‌ನ ಆವಿ ಒಲೆಯ ಬೆಂಕಿಗೆ ತಾಗಿದರೆ ಏನಾಗುತ್ತದೆ ಎಂದು ಹೇಳಬೇಕಾಗಿಲ್ಲ. ಕಿಟಕಿ ತೆರೆದ ಕೋಣೆ, ಆವಿ ತಡೆಯುವ ಮಾಸ್ಕ್.

ಭೀಮಾತೀರ (ಅಫಜಲಪುರ)

ತುಕ್ಕಿನ ಬಗ್ಗೆ ಕಾಕಾ ಅವರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಸೈನಿಕರನ್ನು ಸಾಗಿಸುವ ಅಮೆರಿಕದ ಎಂ113 ವಾಹನದ ಒಡಲು ಅಲ್ಯೂಮಿನಿಯಮ್. ಅದಕ್ಕೆ ಕಂದು ತುಕ್ಕು ಹಿಡಿಯಲು ಸಾಧ್ಯವೇ ಇಲ್ಲ, ಆದರೂ ಮಾದರಿಗಳಲ್ಲಿ ಧಾರಾಳವಾಗಿ ಹಚ್ಚುತ್ತಾರೆ. ಕಲಬುರಗಿ ಕೋಟೆಯ ಬಾರಾ ಗಜ್ ತೋಪನ್ನು ನೋಡಿ ಬೆಳೆದ ನಮ್ಮ ಕಣ್ಣಿಗೆ ಯುದ್ಧದ ಲೋಹವೆಂದರೆ ಮಾಸಿದ ಲೋಹವೇ ಆಗಿಬಿಟ್ಟಿದೆ. ಶತಮಾನಗಳ ಬಿಸಿಲು ಮಳೆ ಕಂಡ ತೋಪಿಗೂ ಇಂದು ಓಡುವ ಗಾಡಿಗೂ ಒಂದೇ ಅಲಂಕಾರ ಮಾಡಬಾರದು. ಯಾವುದಕ್ಕೆ ಏನು ಹಚ್ಚುವ ಮೊದಲೂ ಅದು ಯಾವ ಲೋಹ ಎಂದು ಕೇಳಿಕೊಳ್ಳಿ.

ಎರೆಮಣ್ಣು (ಕಲಬುರಗಿ)

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಫೆವಿಕಾಲ್ ಮಣ್ಣನ್ನು ಉಗುರುಬೆಚ್ಚಗಿನ ನೀರು ಮತ್ತು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಬಿಡಿಸಿದೆ. ಅಡಿಯಲ್ಲಿ ಮ್ಯಾಟ್ ವಾರ್ನಿಷ್ ಇದ್ದುದರಿಂದ ಬಣ್ಣ ಉಳಿಯಿತು. ಆಲ್ಕೋಹಾಲ್ ಬಳಸಿದ್ದರೆ ಹಸಿರೂ ಹೋಗುತ್ತಿತ್ತು. ಕೆಂಪು ಕಣ್ಣುಗಳು ಹೋದವು, ಇಟ್ಟಿಗೆಗಳು ಬಂದವು. ಬೆಳ್ಳಿ ಚುಕ್ಕೆಗಳ ಮೇಲೆ ಸ್ವಲ್ಪ ಗಾಢವಾದ ಹಸಿರಿನ ತೇಪೆ ಹಚ್ಚಿದೆ. ನನ್ನ ತಪ್ಪು ಮುಚ್ಚಿಹೋಗಿದ್ದಲ್ಲದೆ ಕಾಕಾ ಹೇಳಿದ ದುರಸ್ತಿಯ ಗುರುತೂ ಬಂದಿತು. ಮುಚ್ಚಳಗಳ ಸುತ್ತ ಮಾತ್ರ ಸವೆತ ಉಳಿಸಿದ್ದೇನೆ, ಎಲ್ಲವೂ ಸೂಜಿ ಮೊನೆಯಷ್ಟು.

ಕಳೆದ ಭಾನುವಾರ ಶಹಾಬಾದಿಗೆ ಹೋಗಿ ಗಣಿಯಲ್ಲಿ ಹಿಟಾಚಿಯ ಮುಂದೆ ನಿಂತು ನೋಡಿದೆ. ಬಕೆಟ್ಟಿನ ತೋಳಿನ ಕೀಲಿನಲ್ಲಿ ಎಣ್ಣೆ ಕುಡಿದ ಧೂಳು ಹೇಗೆ ಕಪ್ಪಾಗಿದೆ ಎನ್ನುವುದನ್ನು ಯಾವ ಪಾಠದಿಂದಲೂ ನಾನು ಕಲಿಯುತ್ತಿರಲಿಲ್ಲ. ಅಲ್ಲಿಂದ ಒಂದು ಹಿಡಿ ಕಲ್ಲಿನ ಧೂಳು ತಂದು ವಸ್ತ್ರಗಾಲಿತ ಮಾಡಿ, ಚಿಟಿಕೆ ಹಳದಿ ಮಣ್ಣು ಬೆರೆಸಿದಾಗ ಮರಳುನಾಡಿನ ತಿಳಿ ಬಣ್ಣ ಬಂದಿದೆ. ಭೀಮಾತೀರ ಅವರು ಚಿತ್ರ ನೋಡಿ ಹೇಳಬೇಕು.

ಭೀಮಾತೀರ (ಅಫಜಲಪುರ)

ಹಿಂಭಾಗ ಬಹಳ ಚೆನ್ನಾಗಿದೆ. ತೋಪಿನ ಕೊಳವೆಯ ಮೇಲಿನ ಧೂಳನ್ನು ಅರ್ಧ ಕಡಿಮೆ ಮಾಡಿ. ಎರೆಮಣ್ಣನ್ನು ಎಸೆಯಬೇಡಿ. ಅದು ಒಣಗುವಾಗ ಬಿರುಕು ಬಿಡುತ್ತದಲ್ಲ, ಬೇಸಿಗೆಯ ಹೊಲದ ದೃಶ್ಯಪೀಠ ಮಾಡುವಾಗ ಅದಕ್ಕಿಂತ ಒಳ್ಳೆಯ ವಸ್ತುವಿಲ್ಲ. 1 ಮಿಲಿಮೀಟರ್ ಬಿರುಕು ಅಳತೆಯಲ್ಲಿ 3.5 ಸೆಂಟಿಮೀಟರ್, ನಮ್ಮ ಹೊಲದ ಮೇ ತಿಂಗಳ ಬಿರುಕು ಅಷ್ಟೇ ಇರುತ್ತದೆ.

ಎರೆಮಣ್ಣು (ಕಲಬುರಗಿ)

ಹಾಗಾದರೆ ಆ ಪೀಠದ ಮೇಲೆ ಟ್ಯಾಂಕ್ ಬೇಡ, ಟ್ರ್ಯಾಕ್ಟರ್ ಇಡುತ್ತೇನೆ. ಟ್ಯಾಂಕಿಗೆ ಇನ್ನು ಉಳಿದದ್ದು ಎಡಗಡೆಯ ಮಸಿ. ಬಲಗಡೆಯದನ್ನು ಅಳಿಸಿಯಾಗಿದೆ. ನಾಳೆ ಬೆಳಿಗ್ಗೆ ಬಿಸಿಲೇರುವ ಮೊದಲು ಹೊಡೆಯುತ್ತೇನೆ.

ಸುರಪುರದವ (ಸುರಪುರ, ಯಾದಗಿರಿ ಜಿಲ್ಲೆ)

ಮಸಿ ಹೊಗೆಬಾಯಿಯ ಅಂಚಿನಲ್ಲಿ ದಟ್ಟವಾಗಿರಲಿ, ಹಿಂದಕ್ಕೆ ಹೋಗುತ್ತಾ ತೆಳುವಾಗಲಿ. ಮುಗಿದ ಮೇಲೆ ಅಣ್ಣನ ಮಗಳಿಗೆ ಮತ್ತೊಮ್ಮೆ ತೋರಿಸಿ, ಏನು ಹೇಳಿದಳು ಎಂದು ಬರೆಯಿರಿ.